ನಾನೂರ ಹದಿನೈದು ಕುದುರೆ

“ನಾಲ್ಕೂ ಒಂದೇ ಸಮ ಸವೆದಿವೆಯಲ್ಲ ಸಾರ್,” ಎಂದ ಟೈರು ಅಂಗಡಿಯ ಡ್ವೇನ್, ಮೇಲಕ್ಕೆತ್ತಿ ನಿಲ್ಲಿಸಿದ ಕಾರಿನ ಅಡಿಯಿಂದ.

ಇದು ಹೊಗಳಿಕೆಯೋ ದೂರೋ ವೆಂಡೆಲ್ ನೊವಾಕನಿಗೆ ತಿಳಿಯಲಿಲ್ಲ. “ಒಳ್ಳೇದೇ ಅಲ್ವಾ?” ಎಂದ.

“ಒಳ್ಳೇದೇ. ನಮ್ಮಮ್ಮನ ಕಾರಲ್ಲೂ ಹಿಂಗೇ ಸವೆಯುತ್ತೆ.” ಡ್ವೇನ್ ಟಾರ್ಚು ಹಿಡಿದು ಹಿಂದಿನ ಟೈರನ್ನು ಇನ್ನೊಮ್ಮೆ ನೋಡಿದ. “ಈ ಥರದ ಕಾರು ನನ್ನ ಕೈಗೆ ಬಂದಿರೋದು ಇದು ಆರನೇದೋ ಏಳನೇದೋ. ಎಲ್ಲದರಲ್ಲೂ ಹಿಂದಿನವೆರಡು ಬೋಳು, ಮುಂದಿನವೆರಡು ಹೊಸದರ ಹಂಗೆ. ಶಕ್ತಿ ಪೂರಾ ಹಿಂದಿನ ಚಕ್ರಕ್ಕೇ ಅಲ್ವಾ ಹೋಗೋದು. ನಿಮ್ಮದರಲ್ಲಿ ಹೋಗೇ ಇಲ್ಲ.”

ಕಾಯುವ ಬೆಂಚಿನ ಮೇಲೆ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕೂತಿದ್ದವನೊಬ್ಬ ಕಾಫಿಯ ಲೋಟದೊಳಗೇ ನಕ್ಕ.

ವೆಂಡೆಲನಿಗೆ ನಲವತ್ತೊಂಬತ್ತು. ಲ್ಯಾನ್ಸಿಂಗ್ ನಗರದಿಂದ ಮೂವತ್ತು ಮೈಲಿ ದೂರದ ಒಂದು ಕಾಲೇಜಿನಲ್ಲಿ ನರ್ಸ್ ಆಗಲಿರುವವರಿಗೂ ಫ್ರಿಜ್ ರಿಪೇರಿ ಕಲಿಯುವವರಿಗೂ ತತ್ವಶಾಸ್ತ್ರ ಹೇಳುತ್ತಿದ್ದ. ಮನುಷ್ಯನ ಇಚ್ಛಾಸ್ವಾತಂತ್ರ್ಯದ ಬಗ್ಗೆ ಮುನ್ನೂರ ಹನ್ನೆರಡು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದ. ಅದನ್ನು ಪೂರ್ತಿ ಓದಿದವರು ಮೂರು ಜನ. ಅವರಲ್ಲೊಬ್ಬರು ತೀರಿಹೋಗಿದ್ದರು.

ಕಾರು ಬಂದು ಒಂದೂವರೆ ವರ್ಷವಾಗಿತ್ತು. ಕಡುನೀಲಿ, ನಾಲ್ಕು ಬಾಗಿಲು, ಎಂಟು ಸಿಲಿಂಡರಿನ ಇಂಜಿನ್, ಹಿಂದಿನ ಚಕ್ರಗಳಿಂದ ದೂಡಿಸಿಕೊಂಡು ಹೋಗುವ ಮೈಕಟ್ಟು. ಇಂಥದನ್ನು ಈಗ ಯಾರೂ ಮಾಡುತ್ತಿಲ್ಲ ಎಂಬುದು ಅದರ ಮೊದಲ ಗುಣ. ನಾಲ್ಕು ಬಾಗಿಲಿರುವುದರಿಂದ ಇದು ಸಂಸಾರಸ್ಥರ ಕಾರು ಎಂದು ಹೆಂಡತಿಗೆ ಹೇಳಿದ್ದ. ಉಳಿದವರಿಗೆಲ್ಲ ನಾನೂರ ಹದಿನೈದು ಕುದುರೆಯ ಶಕ್ತಿ ಎಂದು ಹೇಳಿದ್ದ. ಹೆಂಡತಿ ಮಾರ್ಲೀನ್ ಈ ಎರಡನೆಯ ಮಾತನ್ನೂ ಕೇಳಿಸಿಕೊಂಡಿದ್ದಳು. “ಮೂರು ಜನಕ್ಕೆ ತಲಾ ನೂರ ಮೂವತ್ತೆಂಟು ಕುದುರೆ. ಸಾಕಾಗುತ್ತಾ ವೆಂಡೆಲ್?” ಎಂದಿದ್ದಳು. ಆಮೇಲೆ ಆ ವಿಷಯ ಎತ್ತಿರಲಿಲ್ಲ. ಎತ್ತದೆ ಇರುವುದರಲ್ಲಿ ಅವಳದು ಪಳಗಿದ ಕೈ.

ಭಾನುವಾರಗಳಂದು ಅವನು ಎರಡು ಬಕೆಟ್ ಇಟ್ಟುಕೊಂಡು ಅದನ್ನು ತೊಳೆಯುತ್ತಿದ್ದ. ಒಂದು ಸೋಪಿನದು, ಒಂದು ಬಟ್ಟೆ ಜಾಲಿಸುವುದಕ್ಕೆ. ಎರಡನ್ನೂ ಬೆರೆಸುವವರ ಬಗ್ಗೆ ಅವನಿಗೆ ತಿರಸ್ಕಾರವಿತ್ತು. ಅಂಗಡಿಗೆ ಹೋದರೆ ಕಾರು ನಿಲ್ಲಿಸುವ ಮೈದಾನದ ತೀರ ಕೊನೆಯಲ್ಲಿ, ಯಾರೂ ನಿಲ್ಲಿಸದ ಕಡೆ ನಿಲ್ಲಿಸಿ ನಡೆದು ಬರುತ್ತಿದ್ದ. ರಾತ್ರಿ ಊಟವಾದ ಮೇಲೆ, ಇಂಥದೇ ಕಾರಿನ ಯಜಮಾನರು ಬರೆದುಕೊಳ್ಳುವ ಜಾಲತಾಣದಲ್ಲಿ ಕೂತು ಓದುತ್ತಿದ್ದ. ಹಿಂಭಾಗ ಜಾರಿದಾಗ ಏನು ಮಾಡಬೇಕು ಎಂಬ ಒಂದೇ ವಿಷಯದ ಮೇಲೆ ಅಲ್ಲಿ ಹನ್ನೊಂದು ಪುಟಗಳ ಜಗಳವಿತ್ತು. ಅಷ್ಟನ್ನೂ ಓದಿ ಮುಗಿಸಿದ್ದ. ತನ್ನ ಕಾರಿನಲ್ಲಿ ಗೇರು ತಾನಾಗಿಯೇ ಬದಲಾಗುತ್ತದೆ ಎಂಬುದನ್ನು ಮಾತ್ರ ಅಲ್ಲಿ ಯಾರಿಗೂ ತಿಳಿಸಿರಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರು ಬಂದು ಮಾತಾಡಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅವನ ಬಾಯಿಂದ ಒಂದು ವಾಕ್ಯ ಬರುತ್ತಿತ್ತು: “ನಮ್ಮಪ್ಪ ಇವನ್ನ ಮಾಡ್ತಿದ್ರು, ಮೂವತ್ತೊಂದು ವರ್ಷ ಫ್ಯಾಕ್ಟರಿ ಲೈನಲ್ಲಿ ನಿಂತು.” ಮೂವತ್ತೊಂದು ವರ್ಷ ಎಂಬುದು ನಿಜ. ಉಳಿದದ್ದು ಹೇಳುತ್ತ ಹೇಳುತ್ತ ಕೂಡಿಕೊಂಡಿದ್ದು.

“ಹಾಗಾದ್ರೆ ಚಳಿಗಾಲದ ಟೈರು ಹಾಕ್ಬಿಡ್ಲಾ ಸಾರ್?” ಡ್ವೇನ್ ಹೊರಗೆ ಬಂದು ಕೈ ಒರೆಸಿಕೊಂಡ. ಅದಕ್ಕೆಂದೇ ವೆಂಡೆಲ್ ಬಂದಿದ್ದು. ಹೊಸ ಟೈರುಗಳು ಗೋಡೆಗೆ ಒರಗಿ ಸಿದ್ಧವಾಗಿದ್ದವು.

“ಇವತ್ತು ಬೇಡ.”

“ಯಾಕೆ?”

“ಇವು ಇನ್ನೊಂದಿಷ್ಟು ಸವೆಯಲಿ.”

ಡ್ವೇನ್ ಬಾಗಿಲಾಚೆ ಆಕಾಶ ನೋಡಿದ. ನವೆಂಬರಿನ ಆಕಾಶ ಪಾತ್ರೆ ತೊಳೆದ ನೀರಿನ ಹಾಗಿತ್ತು. “ಬೇಸಿಗೆ ಟೈರು ಸಾರ್ ಇವು. ಚಳಿ ಬಿತ್ತು ಅಂದ್ರೆ ಈ ರಬ್ಬರು ಮರದ ಹಲಗೆ ಥರ. ಹಿಡಿತಾನೇ ಇರಲ್ಲ.”

“ನೋಡ್ಕೋತೀನಿ.”

“ನೀವು ಓಡಿಸೋ ರೀತಿಗೆ ಏನೂ ಆಗಲ್ಲ ಬಿಡಿ,” ಎಂದ ಡ್ವೇನ್, ಸಮಾಧಾನ ಮಾಡುವವನ ಹಾಗೆ.

ಒಬ್ಬ ಮನುಷ್ಯನ ನಿರ್ಧಾರ ಅವನದೇ ಆಗಿರುತ್ತದೆಯೇ ಎಂದು ಪ್ರತಿ ವರ್ಷ ಹದಿನೈದು ವಾರ ಪಾಠ ಮಾಡುವವನು, ಈ ನಿರ್ಧಾರ ಎಲ್ಲಿಂದ ಬಂತೆಂದು ಕೇಳಿಕೊಳ್ಳದೆ ಕಾರು ಹತ್ತಿದ. ಬೆಂಚಿನ ಮೇಲಿದ್ದವನ ಕಡೆ ನೋಡಲಿಲ್ಲ. ಅಂಗಡಿಯಿಂದ ಆಚೆ ಬರುವಾಗ ಇಂಜಿನ್ ಸ್ವಲ್ಪ ಗರ್ಜಿಸುವಂತೆ ಮಾಡಬೇಕು ಅನ್ನಿಸಿತು. ಇನ್ನೂ ಬಿಸಿಯಾಗಿಲ್ಲ ಎಂದು ನೆನಪಾಗಿ ಬಿಟ್ಟ.

ದಾರಿಯಲ್ಲಿ ಮಾರ್ಲೀನಳ ಫೋನು ಬಂತು. ಅವಳು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಹಲ್ಲು ಸ್ವಚ್ಛ ಮಾಡುವ ಕೆಲಸದಲ್ಲಿದ್ದಳು. ಶನಿವಾರ ಅರ್ಧ ದಿನ.

“ನನ್ನ ಕಾರು ಸ್ಟಾರ್ಟ್ ಆಗ್ತಿಲ್ಲ. ಆಸ್ಪತ್ರೆ ಮುಂದೇ ನಿಂತಿದೆ. ಒಂದು ಗಂಟೆಗೆ ಟೆಸ್ಸಾಳ ಡ್ರೈವಿಂಗ್ ಟೆಸ್ಟು ಇದೆ, ನೆನಪಿದೆಯಲ್ಲ?”

“ಇದೆ.”

“ನಿನ್ನ ಕಾರಲ್ಲಿ ಕರ್ಕೊಂಡು ಹೋಗು.”

“ಕರ್ಕೊಂಡು ಹೋಗೋದಕ್ಕೇನು.”

“ಅವಳು ಓಡಿಸಿ ತೋರಿಸ್ಬೇಕು ವೆಂಡೆಲ್. ನಿನ್ನ ಕಾರಲ್ಲಿ.”

ಮುಂದೆ ಸಿಗ್ನಲ್ ಕೆಂಪಾಯಿತು. ಅವನಿಗೆ ಅದು ಉಪಕಾರದಂತೆ ಕಂಡಿತು. “ಮುಂದಕ್ಕೆ ಹಾಕಿಸ್ಕೊಂಡ್ರೆ? ಒಂದೆರಡು ವಾರ...”

“ಐದು ವಾರ. ಕೇಳ್ದೆ ನಾನು. ಸೋಮವಾರದಿಂದ ಅವಳ ಈಜು ಬೆಳಿಗ್ಗೆ ಐದೂವರೆಗೆ. ನಾನು ಕರ್ಕೊಂಡು ಹೋಗೋಕಾಗಲ್ಲ, ನೀನು ಕರ್ಕೊಂಡು ಹೋಗಲ್ಲ. ಅವಳೇ ಓಡಿಸ್ಕೊಂಡು ಹೋಗ್ಬೇಕು.”

“ಆ ಹೊತ್ತಲ್ಲಿ ರಸ್ತೆಗೆಲ್ಲ ಹಿಮ ಕರಗೋಕೆ ಉಪ್ಪು ಹಾಕಿರ್ತಾರೆ ಮಾರ್ಲೀನ್. ಉಪ್ಪು ಕಾರಿನಡಿಗೆ ಹತ್ತಿದ್ರೆ ತುಕ್ಕು...”

ಅವಳ ಹಿಂದೆ ಯಾರದೋ ಹಲ್ಲಿನ ಮೇಲೆ ಯಂತ್ರ ಕೊರೆಯುವ ಸದ್ದು ಕೇಳಿಸುತ್ತಿತ್ತು. “ಅದೂ ಕಾರೇ ತಾನೆ?” ಎಂದಳು. “ಅಥವಾ ಅಲ್ವಾ?”

ಮಗಳು ಟೆಸ್ಸಾ, ಮನೆಯ ಮುಂದಿನ ಕಟ್ಟೆಯ ಮೇಲೆ ಹಳದಿ ಮಳೆಯಂಗಿ ತೊಟ್ಟು ಕೂತಿದ್ದಳು. ಹದಿನಾರು ವರ್ಷ. ತಾಯಿಯ ಮೂಗು, ತಂದೆಯದು ಏನೂ ಇಲ್ಲ ಎಂದು ಅವಳು ಹುಟ್ಟಿದ ದಿನವೇ ಎಲ್ಲರೂ ಒಪ್ಪಿದ್ದರು. ಕಾರು ಹತ್ತುವ ಮೊದಲು ಎರಡೂ ಬೂಟುಗಳನ್ನು ಒಂದಕ್ಕೊಂದು ಎರಡು ಸಲ ತಟ್ಟಿ ಮಣ್ಣು ಉದುರಿಸಿದಳು. ಹಾಗೆ ಮಾಡಬೇಕೆಂದು ಅವನು ಒಂದೂವರೆ ವರ್ಷದ ಹಿಂದೆ ಒಮ್ಮೆ ಹೇಳಿದ್ದ. ಅವಳು ಅದನ್ನು ಒಂದು ಸಲವೂ ಮರೆತಿರಲಿಲ್ಲ. ಇವತ್ತು ಅದನ್ನು ನೋಡಿ ಅವನಿಗೆ ಯಾಕೋ ಸಿಟ್ಟು ಬಂತು.

“ಅಮ್ಮ ಹೇಳಿದ್ಲಾ?” ಎಂದ.

“ಹೇಳಿದ್ಲು.”

“ಭಯ ಆಗ್ತಿದೆಯಾ?”

“ಇಲ್ಲ.” ಅವಳು ಅವನ ಕಡೆ ನೋಡಿದಳು. “ನಿನಗೆ?”

ಟೆಸ್ಟು ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ದೊಡ್ಡ ಅಂಗಡಿಯ ಹಿಂದಿನ ಮೈದಾನದಲ್ಲಿ. ಪರೀಕ್ಷಕಿ ಶ್ರೀಮತಿ ಬ್ಲೆವಿನ್ಸ್ ಮೊದಲು ಶಾಲೆಯಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದವರು. ಕೊರಳಲ್ಲಿ ಸೀಟಿ ಇರದಿದ್ದರೂ ಇದೆ ಅನ್ನಿಸುವಂಥ ನಿಲುವು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ನಾಲ್ಕು ಹೊಗೆ ಕೊಳವೆಗಳನ್ನು ಬೆರಳು ಮಾಡಿ ಎಣಿಸಿದರು.

“ಇದಕ್ಕಿಂತ ಚಿಕ್ಕದು ಯಾವುದೂ ಸಿಗಲಿಲ್ವಾ ನಿಮಗೆ?”

“ನಮ್ಮಪ್ಪ ಇವನ್ನ ಮಾಡ್ತಿದ್ರು,” ಎಂದ ವೆಂಡೆಲ್. ಯಾರೂ ಕೇಳಿರಲಿಲ್ಲ. “ಮೂವತ್ತೊಂದು ವರ್ಷ ಫ್ಯಾಕ್ಟರಿ ಲೈನಲ್ಲಿ ನಿಂತು.”

ಟೆಸ್ಸಾ ಕಾರಿನ ಚಾವಣಿಯ ಆಚೆಯಿಂದ ಅವನನ್ನು ನೋಡಿ ಮತ್ತೆ ತನ್ನ ಬೂಟು ನೋಡಿಕೊಂಡಳು.

“ಒಳ್ಳೇದು. ತಂದೆಯವರು ಹಿಂದೆ ಕೂತ್ಕೊಳ್ಳಿ,” ಎಂದರು ಶ್ರೀಮತಿ ಬ್ಲೆವಿನ್ಸ್. “ಮಾತಾಡೋ ಹಾಗಿಲ್ಲ. ಕೈ ಸನ್ನೆ ಮಾಡೋ ಹಾಗಿಲ್ಲ. ನಿಟ್ಟುಸಿರು ಬಿಡೋ ಹಾಗಿಲ್ಲ. ಒಂದು ಹುಡುಗಿ ಅಪ್ಪನ ನಿಟ್ಟುಸಿರಿಗೇ ಫೇಲಾದ್ಲು, ಹೋದ ತಿಂಗಳು.”

ಅವನು ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಮೊಣಕಾಲುಗಳು ಎದೆಗೆ ಬಂದವು. ಅಲ್ಲಿಂದ ಯಾವ ಮುಳ್ಳೂ, ಯಾವ ಅಂಕಿಯೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗಳ ತಲೆಯ ಹಿಂಭಾಗ ಮತ್ತು ಒಂದು ತುಂಡು ಆಕಾಶ. ಅವನ ಸಂಸಾರ ಈ ಕಾರನ್ನು ಇಷ್ಟು ದಿನ ಇಲ್ಲಿಂದ ನೋಡುತ್ತಿತ್ತು.

ಟೆಸ್ಸಾ ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಅವನು ಆರು ವಾರ ಕೂತು ಹೊಂದಿಸಿದ್ದ ಕನ್ನಡಿ. ಅವಳಿಗೆ ನಾಲ್ಕು ಸೆಕೆಂಡು ಸಾಕಾಯಿತು.

ಕಿತ್ತಳೆ ಬಣ್ಣದ ಗುರುತುಗಳ ನಡುವೆ ಹಿಂದಕ್ಕೆ ತೆಗೆದುಕೊಂಡು ಹೋಗಿ ನಿಲ್ಲಿಸಿದಳು. ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು. ಯಾವುದಕ್ಕೂ ತಾಗಲಿಲ್ಲ. ಆಮೇಲೆ ಊರೊಳಗಿನ ರಸ್ತೆ, ಶಾಲೆಯ ಮುಂದೆ ನಿಧಾನ, ರೈಲು ಹಳಿಯ ಮುಂದೆ ಎರಡೂ ಕಡೆ ನೋಡುವುದು. ಕಾರು ಅವಳ ಕೈಯಲ್ಲಿ ಬೇರೆ ಯಾವುದೋ ಕಾರಿನ ಹಾಗೆ, ಒಂದು ಕಾರಿನ ಹಾಗೆ, ಹೋಗುತ್ತಿತ್ತು.

“ಹೈವೇಗೆ ಹತ್ತಮ್ಮ,” ಎಂದರು ಶ್ರೀಮತಿ ಬ್ಲೆವಿನ್ಸ್.

ಹೈವೇಗೆ ಏರುವ ದಾರಿ ಅಲ್ಲಿ ಚಿಕ್ಕದು. ಎಡಗಡೆಯಿಂದ ಮರದ ದಿಮ್ಮಿ ತುಂಬಿದ ಟ್ರಕ್ಕೊಂದು ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ವೆಂಡೆಲ್ ಆಗಿದ್ದರೆ ಬ್ರೇಕು ಒತ್ತುತ್ತಿದ್ದ, ನಿಲ್ಲಿಸುತ್ತಿದ್ದ, ಹಿಂದಿನವರು ಹಾರ್ನ್ ಮಾಡುವ ತನಕ ಕಾಯುತ್ತಿದ್ದ. ನಿಜ ಹೇಳಬೇಕೆಂದರೆ ಆ ದಾರಿಗೇ ಬರುತ್ತಿರಲಿಲ್ಲ.

ಟೆಸ್ಸಾ ಒಮ್ಮೆ ಭುಜದ ಮೇಲಿಂದ ನೋಡಿದಳು, ಕಾಲು ಒತ್ತಿದಳು.

ಸದ್ದು ಮೊದಲು ಅವನ ಬೆನ್ನಿಗೆ ಬಂತು, ಆಮೇಲೆ ಕಿವಿಗೆ. ಅವನ ತಲೆ ಸೀಟಿಗೆ ಅಂಟಿಕೊಂಡಿತು. ದಿಮ್ಮಿಗಳು, ಟ್ರಕ್ಕಿನ ಚಕ್ರಗಳು, ಚಾಲಕನ ಗಡ್ಡ, ಎಲ್ಲ ಕಿಟಕಿಯಲ್ಲಿ ಹಿಂದಕ್ಕೆ ಬಿದ್ದುಹೋದವು. ಮೂರು ಸೆಕೆಂಡು, ಬಹಳವೆಂದರೆ ನಾಲ್ಕು. ಆಮೇಲೆ ಅವಳು ಕಾಲು ಸಡಿಲಿಸಿದಳು, ಅವರು ಹೈವೇ ಮೇಲಿದ್ದರು, ಎಲ್ಲರ ಜೊತೆಗೆ ಎಲ್ಲರ ವೇಗದಲ್ಲಿ ಹೋಗುತ್ತಿದ್ದರು.

ಅವನ ಗಂಟಲಿಂದ ಒಂದು ಸದ್ದು ಹೊರಟಿತ್ತು. ಕುರಿಮರಿ ಅರಚಿದ ಹಾಗೆ.

“ಹಿಂದಿನವರು,” ಎಂದರು ಶ್ರೀಮತಿ ಬ್ಲೆವಿನ್ಸ್ ತಿರುಗಿ ನೋಡದೆ. ಕಾಗದದ ಮೇಲೆ ಏನೋ ಬರೆದರು.

ಟೆಸ್ಟು ಮುಗಿದ ಮೇಲೆ ಅವರು ಆ ಕಾಗದವನ್ನು ಟೆಸ್ಸಾಳ ಕೈಗೆ ಕೊಟ್ಟರು. ಹೈವೇ ಎಂಬಲ್ಲಿ ‘ಒಳ್ಳೆಯ ತೀರ್ಮಾನ’ ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. “ಹನ್ನೆರಡು ವರ್ಷದಲ್ಲಿ ಎಷ್ಟೋ ಹುಡುಗರು ಅಪ್ಪಂದಿರ ಇಂಥ ಕಾರು ತಂದಿದಾರೆ,” ಎಂದರು ವೆಂಡೆಲನಿಗೆ. “ಎಷ್ಟು ಬೇಕೋ ಅಷ್ಟೇ ಒತ್ತಿದವಳು ಇವಳೊಬ್ಬಳೇ. ನೀವೇ ಹೇಳಿಕೊಟ್ರಾ?”

“ಹೌದು,” ಎಂದ ವೆಂಡೆಲ್.

ಟೆಸ್ಸಾ ಕಾಗದವನ್ನು ನಾಲ್ಕಾಗಿ ಮಡಚಿ ಮಳೆಯಂಗಿಯ ಜೇಬಿಗೆ ಹಾಕಿಕೊಂಡಳು. ಮುಖ ಅರಳಿತ್ತು. ಅದನ್ನು ಮುಚ್ಚಿಟ್ಟುಕೊಳ್ಳಲು ಮರೆತಿದ್ದಳು. “ಅಪ್ಪಾ, ಮನೆ ತನಕ ನಾನೇ ಓಡಿಸ್ಲಾ?”

“ಸುಸ್ತಾಗಿರುತ್ತೆ ನಿನಗೆ.”

“ಸುಸ್ತಾಗಿಲ್ಲ.”

“ಇರಲಿ. ಇನ್ನೊಂದು ದಿನ.”

ಅವಳು ಕೀಲಿ ಅವನ ಕೈಗೆ ಕೊಟ್ಟಳು. ಆಚೆ ಕಡೆಯ ಬಾಗಿಲಿಗೆ ಹೋಗಿ ಬೂಟುಗಳನ್ನು ಎರಡು ಸಲ ತಟ್ಟಿದಳು.

ಅವನು ಸೀಟು ಹಿಂದಕ್ಕೆ ಸರಿಸಿದ. ಕನ್ನಡಿ ಮೊದಲಿನ ಜಾಗಕ್ಕೆ ಬರಲಿಲ್ಲ. ಹೈವೇ ಬಿಟ್ಟು ಹೊಲಗಳ ನಡುವಿನ ರಸ್ತೆ ಹಿಡಿದ. ಜೋಳ ಕಟಾವಾಗಿ ಎರಡೂ ಕಡೆ ಬರೀ ಕೂಳೆ ನಿಂತಿತ್ತು. ತೆಳ್ಳಗೆ ಮಳೆ ಬಂದು ನಿಂತಿತ್ತು. ಕಟಾವಿನ ಯಂತ್ರಗಳು ರಸ್ತೆಗೆ ಮಣ್ಣಿನ ಹೆಂಟೆ ಉದುರಿಸಿಕೊಂಡು ಹೋಗಿದ್ದವು.

“ಆ ಟ್ರಕ್ಕು ಬಂದಾಗ,” ಎಂದ ಸ್ವಲ್ಪ ಹೊತ್ತಾದ ಮೇಲೆ, “ಹೇಗನ್ನಿಸ್ತು?”

“ಏನು?”

“ಒತ್ತಿದಾಗ.”

ಅವಳು ಯೋಚಿಸಿದಳು. ಅವನಿಗೆ ಖುಷಿಯಾಗಲಿ ಎಂದೇ ಯೋಚಿಸಿದಂತಿತ್ತು. “ಏನೂ ಅನ್ನಿಸ್ಲಿಲ್ಲಪ್ಪ. ಜಾಗ ಬೇಕಿತ್ತು, ಒತ್ತಿದೆ.”

ಏನೂ ಅನ್ನಿಸಲಿಲ್ಲ! ಒಂದೂವರೆ ವರ್ಷದಿಂದ ಅವನು ದೇವರ ಕೋಣೆಯ ಬಾಗಿಲ ಮುಂದೆ ನಿಂತವನ ಹಾಗೆ ನಿಂತಿದ್ದ. ಇವಳು ಒಳಗೆ ಹೋಗಿ ಲೋಟ ತೆಗೆದುಕೊಂಡು ಬರುವ ಹಾಗೆ ಹೋಗಿ ಬಂದಿದ್ದಳು.

“ಅಪ್ಪಾ.”

“ಹೂಂ.”

“ಅಜ್ಜ ಕಾರು ಮಾಡ್ತಿರ್ಲಿಲ್ಲ ಅಲ್ವಾ? ಡ್ಯಾಷ್‌ಬೋರ್ಡಲ್ಲಿ ಪುಟ್ಟ ಡಬ್ಬಿ ಇರುತ್ತಲ್ಲ, ಅದರ ಮುಚ್ಚಳ ಹಾಕ್ತಿದ್ದಿದ್ದು. ವ್ಯಾನುಗಳಿಗೆ.”

“ಯಾರು ಹೇಳಿದ್ದು?”

“ಅಜ್ಜನೇ. ದಿನಕ್ಕೆ ನಾನೂರು ಮುಚ್ಚಳ ಅಂತ. ಹೇಗೆ ಹಾಕ್ತಿದ್ದೆ ಅಂತ ಕೈಯಲ್ಲಿ ಮಾಡಿ ತೋರಿಸ್ತಿದ್ದ.” ಅವಳು ಗಾಳಿಯಲ್ಲಿ ಎರಡು ಹೆಬ್ಬೆರಳು ಒತ್ತಿ ತೋರಿಸಿದಳು. “ಚೆನ್ನಾಗಿತ್ತು.”

ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಇದ್ದಿದ್ದರೆ ಅವನಿಗೆ ಉತ್ತರ ಗೊತ್ತಿರುತ್ತಿತ್ತು.

ನಾಲ್ಕು ರಸ್ತೆ ಕೂಡುವಲ್ಲಿ ‘ನಿಲ್ಲಿ’ ಎಂಬ ಫಲಕವಿತ್ತು. ಅವನು ಪೂರ್ತಿ ನಿಲ್ಲಿಸಿದ. ಯಾವ ಕಡೆಯಿಂದಲೂ ಯಾರೂ ಬರುತ್ತಿರಲಿಲ್ಲ. ಗೇರಿನ ಪಕ್ಕದಲ್ಲಿ ಒಂದು ಗುಂಡಿ ಇತ್ತು. ಅದರ ಮೇಲೆ ಹಾವಿನಂತೆ ಸೊಟ್ಟಗೆ ಜಾರುವ ಪುಟ್ಟ ಕಾರಿನ ಚಿತ್ರ. ಚಕ್ರಗಳು ಜಾರದಂತೆ ಕಾಯುವ ಯಂತ್ರವನ್ನು ಆ ಗುಂಡಿ ನಿಲ್ಲಿಸುತ್ತದೆ. ಐದು ಸೆಕೆಂಡು ಒತ್ತಿ ಹಿಡಿಯಬೇಕು. ಒಂದೂವರೆ ವರ್ಷದಲ್ಲಿ ಅವನು ಅದರ ಧೂಳು ಒರೆಸಿದ್ದ, ಅಷ್ಟೇ.

ಒತ್ತಿ ಹಿಡಿದ.

“ಏನದು?” ಎಂದಳು ಟೆಸ್ಸಾ.

“ಏನಿಲ್ಲ.”

ಕಾಲನ್ನು ನೆಲಮುಟ್ಟ ಒತ್ತಿದ. ಕಾರು ಒಂದು ಕ್ಷಣ ನಿಂತಲ್ಲೇ ನಡುಗಿತು, ಆಮೇಲೆ ಚಿಮ್ಮಿತು. ಅವನ ಬಾಯಿ ತಾನಾಗಿ ತೆರೆದುಕೊಂಡಿತು. ಬಂತು, ಅಂದುಕೊಂಡ. ಅಷ್ಟರಲ್ಲಿ ಹಿಂಭಾಗ ತನ್ನ ಪಾಡಿಗೆ ಬಲಕ್ಕೆ ಹೊರಟಿತು. ಯಾರೋ ಹೆಗಲು ಮುಟ್ಟಿ ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದಷ್ಟು ಮೆತ್ತಗೆ. ಹನ್ನೊಂದು ಪುಟಗಳಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಬ್ರೇಕು ತುಳಿದ. ಟೆಸ್ಸಾ “ಅಪ್ಪಾ” ಎಂದಳು, ಕೂಗದೆ, ನಿದ್ದೆಯಿಂದ ಎಬ್ಬಿಸುವ ದನಿಯಲ್ಲಿ. ಹೊಲ, ರಸ್ತೆ, ವಿದ್ಯುತ್ ಕಂಬ, ಮತ್ತೆ ಹೊಲ ಗಾಜಿನ ಮುಂದೆ ಹಾದುಹೋದವು. ಅಡಿಯಲ್ಲಿ ಏನೋ ದಡಾರನೆ ಬಡಿಯಿತು. ನೀರು ಎದ್ದು ಕಿಟಕಿಗೆ ಬಿತ್ತು. ಎಲ್ಲ ನಿಂತಿತು.

ರಸ್ತೆ ಬದಿಯ ಚರಂಡಿಯನ್ನು ಹಿಮ್ಮುಖವಾಗಿ ಹಾರಿ ಕಾರು ಜೋಳದ ಹೊಲದಲ್ಲಿ ಕೂತಿತ್ತು. ಮೂತಿ ರಸ್ತೆಯ ಕಡೆಗಿತ್ತು. ಇಂಜಿನ್ ಇನ್ನೂ ಓಡುತ್ತಿತ್ತು, ಏನೂ ಆಗದವರ ಹಾಗೆ. ಕಂಬ ಎಂಟು ಹತ್ತು ಅಡಿ ದೂರದಲ್ಲಿತ್ತು. ಟೆಸ್ಸಾ ಕೂತ ಕಡೆಗೆ.

“ಏನೂ ಆಗಿಲ್ಲ ಅಲ್ವಾ?” ಎಂದ.

ಅವಳು ಎರಡೂ ಕೈ ಮುಂದೆ ಚಾಚಿಕೊಂಡಿದ್ದಳು. ಅವನ್ನು ನಿಧಾನವಾಗಿ ಇಳಿಸಿ ಮಡಿಲಲ್ಲಿಟ್ಟುಕೊಂಡಳು. “ಯಾರನ್ನ ಕೇಳ್ತಿದೀಯಾ?” ಎಂದಳು. “ನನ್ನನ್ನಾ, ಕಾರನ್ನಾ?”

“ಟೆಸ್ಸಾ...”

“ನೀನು ಬೇಕಂತಲೇ ಮಾಡಿದೆ. ಏನೋ ಒತ್ತಿ ಮಾಡಿದೆ.”

“ರಸ್ತೆ ಒದ್ದೆ ಇತ್ತು. ಟೈರು...”

“ಹೌದು,” ಎಂದಳು, ಮಾತು ಮುಗಿಸುವುದಕ್ಕಷ್ಟೇ. ಬಾಗಿಲು ತೆರೆದು ಕಂಬದ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಇಳಿದು ಚರಂಡಿ ದಾಟಿ ರಸ್ತೆಗೆ ಹತ್ತಿದಳು.

“ಎಲ್ಲಿಗೆ?”

“ಮನೆಗೆ. ಎರಡು ಮೈಲಿ ಅಷ್ಟೇ.”

“ತಡಿ, ತೆಗೀತೀನಿ. ಒಂದು ನಿಮಿಷ.”

ಅವಳು ತಡೆಯಲಿಲ್ಲ. ಅವನು ಕಾಲು ಒತ್ತಿದ. ಹಿಂದಿನ ಚಕ್ರಗಳು ಹುಚ್ಚೆದ್ದು ತಿರುಗಿದವು. ಕಪ್ಪು ಮಣ್ಣು ಹಿಂದಕ್ಕೆ ಚಿಮ್ಮಿತು. ಕಾರು ಒಂದು ಗೇಣು ಕೆಳಗಿಳಿಯಿತು. ಮತ್ತೆ ಒತ್ತಿದ. ಇನ್ನೊಂದು ಗೇಣು. ಮಾರ್ಲೀನಳಿಗೆ ಫೋನು ಮಾಡಬೇಕು ಅಂದುಕೊಂಡ. ಏನೆಂದು ಹೇಳುವುದು? ಟೆಸ್ಟು ಪಾಸಾಯಿತು ಎಂದು ಹೇಳಬಹುದಿತ್ತು. ಅದನ್ನು ಹೇಳುವ ಹಕ್ಕು ತನಗಿದೆಯೇ ಎಂಬ ಪ್ರಶ್ನೆ ಎದ್ದು, ಅದೇ ಒಂದು ನೆಪವಾಗಿ, ಫೋನು ಜೇಬಿನಲ್ಲೇ ಉಳಿಯಿತು.

ಹೊಲದಾಚೆಯಿಂದ ಹಸಿರು ಟ್ರ್ಯಾಕ್ಟರೊಂದು ಅವಸರವಿಲ್ಲದೆ ಬಂತು. ಇಳಿದವನು ಎಪ್ಪತ್ತು ದಾಟಿದ ಮನುಷ್ಯ. ಕಿವಿ ಮುಚ್ಚುವ ಟೊಪ್ಪಿಗೆ, ಮೂಗಿನ ತುದಿಯಲ್ಲಿ ಒಂದು ಹನಿ. ಕಾರನ್ನು ನೋಡಿದ, ರಸ್ತೆಯನ್ನು ನೋಡಿದ, ರಸ್ತೆಯ ಮೇಲಿನ ಎರಡು ಕಪ್ಪು ಗೆರೆಗಳನ್ನು ನೋಡಿದ. ಕಥೆ ಪೂರ್ತಿ ಅವನಿಗೆ ಗೊತ್ತಾಯಿತು.

“ಹೊಲ ನಮ್ಮದು,” ಎಂದ. “ಯಾರಿಗೂ ಪೆಟ್ಟಾಗ್ಲಿಲ್ಲ ತಾನೆ?”

“ಇಲ್ಲ.”

“ಆ ಮಗು ಯಾರು, ಹಳದಿ ಅಂಗಿ?”

“ನನ್ನ ಮಗಳು.”

ಮುದುಕ ತಲೆಯಾಡಿಸಿದ. ಕಾರಿನ ಸುತ್ತ ನಡೆದು ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟ, ದನದ ಮೈ ಮುಟ್ಟುವ ಹಾಗೆ. “ಎಷ್ಟು ಕುದುರೆ ಸ್ವಾಮಿ ಇದು?”

“ನಾನೂರ ಹದಿನೈದು,” ಎಂದ ವೆಂಡೆಲ್. ತನ್ನ ದನಿಯಲ್ಲಿ ಹೆಮ್ಮೆ ಇಣುಕಿದ್ದು ಅವನಿಗೇ ಕೇಳಿಸಿತು.

“ಎಲ್ಲಾ ಕೆಸರಲ್ಲಿ ಮಲಗಿಬಿಟ್ಟಿದಾವಲ್ಲ.” ಮುದುಕ ಟ್ರ್ಯಾಕ್ಟರಿನ ಕಡೆ ಗದ್ದ ತೋರಿಸಿದ. “ನಮ್ಮದು ತೊಂಬತ್ತು. ಎಳೆಯೋ ಕೊಂಡಿ ಎಲ್ಲಿದೆ ಇದರಲ್ಲಿ?”

ವೆಂಡೆಲನಿಗೆ ಗೊತ್ತಿರಲಿಲ್ಲ. ಕಾರಿನ ಕೈಪಿಡಿ ತೆಗೆದ. ಆ ಪುಸ್ತಕದಲ್ಲಿ ಇಂಜಿನ್ನಿನ ಪುಟಗಳು ಬೆರಳಾಡಿ ಮೆತ್ತಗಾಗಿದ್ದವು. ಕೆಟ್ಟು ನಿಂತಾಗ ಏನು ಮಾಡಬೇಕೆಂಬ ಅಧ್ಯಾಯದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮುದುಕ ಕಾಯ್ದ. ಮೂಗು ಒರೆಸಿಕೊಂಡ. ಕೊಂಡಿ ಡಿಕ್ಕಿಯಲ್ಲಿ, ಗಾಳಿ ಪಂಪಿನ ಕೆಳಗೆ, ಇನ್ನೂ ಪ್ಲಾಸ್ಟಿಕ್ ಚೀಲದಲ್ಲಿತ್ತು. ಹಿಂದಿನ ಬಂಪರಿನಲ್ಲಿ ಅದನ್ನು ತಿರುಗಿಸಿ ಕೂರಿಸಿದರು.

“ರಸ್ತೆ ಕಡೆಗೆ ಎಳೆಯೋಕಾಗಲ್ವಾ?”

“ಎಳೆದ್ರೆ ಚರಂಡಿ ಅಂಚಿಗೆ ಸಿಕ್ಕಿ ಮೂತಿ ಕಿತ್ತು ಬರುತ್ತೆ. ಹೊಲದಲ್ಲೇ ಎಳ್ಕೊಂಡು ಹೋಗೋದು. ಅಗೋ, ಆ ಕಣಜದ ಹತ್ರ ಗೇಟಿದೆ. ಅರ್ಧ ಮೈಲಿ.”

“ಹಿಮ್ಮುಖವಾಗಿ?”

“ಮತ್ತೆ ಹೆಂಗೆ?” ಮುದುಕ ಸರಪಳಿ ಸಿಕ್ಕಿಸಿ ಎದ್ದು ನಿಂತ. “ನೀವು ಒಳಗೆ ಕೂತ್ಕೊಳ್ಳಿ. ಗೇರು ನ್ಯೂಟ್ರಲ್‌ಗೆ ಹಾಕಿ. ಸ್ಟೀರಿಂಗ್ ನೇರ ಹಿಡ್ಕೊಳ್ಳಿ. ಇನ್ನೇನೂ ಮಾಡ್ಬೇಡಿ.”

“ಇನ್ನೇನೂ ಮಾಡಬಾರದಾ?”

“ಏನೂ ಮಾಡ್ಬೇಡಿ ಸ್ವಾಮಿ.”

ಅವನು ಕೂತ. ಬೂಟಿಗೆ ಮೆತ್ತಿದ ಕೆಸರು ಒಳಗಿನ ನೆಲಹಾಸಿನ ಮೇಲೆ ಹರಡಿತು. ಸರಪಳಿ ಬಿಗಿಯಿತು. ಕಾರು ಹೀರಿದಂಥ ಸದ್ದು ಮಾಡಿ ತನ್ನ ಗುಂಡಿಯಿಂದ ಎದ್ದು ಹಿಂದಕ್ಕೆ ಹೊರಟಿತು, ಮನುಷ್ಯ ನಡೆಯುವ ವೇಗದಲ್ಲಿ. ಕೂಳೆಗಳು ಅಡಿಯಲ್ಲಿ ಒಂದೊಂದಾಗಿ ಮುರಿಯುತ್ತಿದ್ದವು.

ಮುಂದಿನ ಗಾಜಿನಲ್ಲಿ ರಸ್ತೆ ಇತ್ತು. ರಸ್ತೆಯ ಮೇಲೆ ಟೆಸ್ಸಾ ನಡೆಯುತ್ತಿದ್ದಳು. ಜೇಬಿನಲ್ಲಿ ಎರಡೂ ಕೈ, ತಲೆ ತಗ್ಗಿಸಿಕೊಂಡು, ದೂರ ನಡೆದು ಅಭ್ಯಾಸವಿರುವವರ ಹೆಜ್ಜೆ. ಅವನು ಹಾರ್ನ್ ಒತ್ತಿದ. ಅವಳು ನಿಲ್ಲಲಿಲ್ಲ. ಅವನ ಕಾಲು ತಾನಾಗಿ ಕೆಳಗೆ ಹೋಯಿತು. ನ್ಯೂಟ್ರಲ್‌ನಲ್ಲಿದ್ದ ಇಂಜಿನ್ ಇಡೀ ಹೊಲ ತುಂಬುವ ಹಾಗೆ ಗರ್ಜಿಸಿತು. ಮುಳ್ಳು ಕೆಂಪು ಗೆರೆಗೆ ಹೋಗಿ ಮುಟ್ಟಿ ಬಂತು. ಟ್ರ್ಯಾಕ್ಟರಿನ ಮೇಲೆ ಮುದುಕ ಹಿಂದಿರುಗಿ ನೋಡಿ, ಬೇಡ ಎಂದು ಕೈಯಾಡಿಸಿದ. ಕಾರು ಮೊದಲಿನ ವೇಗದಲ್ಲೇ ಹಿಂದಕ್ಕೆ ಹೋಗುತ್ತಿತ್ತು.

ಅವನ ಮುಂದೆ ಎರಡು ಸಾಲು ಉದ್ದಕ್ಕೂ ಬಿಚ್ಚಿಕೊಳ್ಳುತ್ತಿದ್ದವು. ಕಪ್ಪಗೆ, ಆಳವಾಗಿ, ಉತ್ತ ಹಾಗೆ. ಎಲ್ಲಿಂದಲೋ ಬಿಳಿಯ ಕಡಲಹಕ್ಕಿಗಳು ಬಂದವು. ಮೊದಲು ಮೂರು, ಆಮೇಲೆ ಮೂವತ್ತು. ಸಾಲಿನೊಳಗೆ ಇಳಿದು, ಮೇಲೆ ಬಂದ ಹುಳುಗಳನ್ನು ಜಗಳವಾಡಿಕೊಂಡು ಹೆಕ್ಕತೊಡಗಿದವು. ಅವುಗಳ ರೆಕ್ಕೆಗಳ ನಡುವೆ ಹಳದಿ ಅಂಗಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ.

ಅವನು ಸ್ಟೀರಿಂಗನ್ನು ನೇರವಾಗಿ ಹಿಡಿದುಕೊಂಡಿದ್ದ.